ಅಮ್ಮನ ಕಿವಿ, ಎರಡು ಫೋನು

ನನ್ನ ಫೋನಿನಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬರುತ್ತದೆ. ಫೋನನ್ನು ಯಾಕೆ ಮೂಸಿದೆ ಎಂದು ಕೇಳಬೇಡಿ. ಕಿವಿಗೆ ಹಿಡಿದರೆ ಮೂಗೂ ಪಕ್ಕದಲ್ಲೇ ಇರುತ್ತದಲ್ಲ. ಕವರು ಬದಲಾಯಿಸಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಹೋಗಲಿಲ್ಲ. ಬಿಸಿನೀರಿನಲ್ಲಿ ಗೂಡೂ ಒಳಗಿನ ಹುಳುವೂ ಒಟ್ಟಿಗೆ ಬೆಂದು, ಎಳೆ ಬಿಚ್ಚಿಕೊಳ್ಳುವಾಗ ಏಳುವ ವಾಸನೆ ಅದು. ಶಿಡ್ಲಘಟ್ಟದಲ್ಲಿ ಹೊಸದಾಗಿ ಬಸ್ಸಿಳಿದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ.

ನಾನು ಆ ವಾಸನೆಯಲ್ಲೇ ಓದಿದವಳು. ಚಿಂತಾಮಣಿಯ ಕಾಲೇಜಿನಲ್ಲಿ ನನ್ನ ಪಕ್ಕದಿಂದ ಬೆಂಚಿನ ಆಚೆ ತುದಿಗೆ ಸರಿದ ಹುಡುಗಿಯರ ಹೆಸರು ಇವತ್ತಿಗೂ ನನಗೆ ನೆನಪಿದೆ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನಾನು ಸಂದರ್ಭ ನೋಡುವುದಿಲ್ಲ, ಸಿಕ್ಕ ಕಡೆಯೆಲ್ಲ ಹೇಳುತ್ತೇನೆ. ಈಗ ಗೌರಿಬಿದನೂರಿನಲ್ಲಿ ಮೇಡಂ ಆಗಿದ್ದೇನೆ, ಒಳ್ಳೆಯ ಸೋಪು ಹಾಕುತ್ತೇನೆ. ವಾಸನೆ ನನ್ನನ್ನು ಬಿಟ್ಟಿತು ಅಂದುಕೊಂಡಿದ್ದೆ. ಅದು ಫೋನು ಹತ್ತಿಕೊಂಡು ಬಂದಿದೆ. ಕಾರಣ ನಮ್ಮಮ್ಮ.

ಅಪ್ಪ ಹೋದ ಮೇಲೆ ನೂಲು ಬಿಚ್ಚುವ ಯೂನಿಟ್ಟನ್ನು ನಡೆಸಿದವಳು ಅಮ್ಮ. ಬೆಳಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಕುದಿಯುವ ಬಾಣಲೆಯ ಮುಂದೆ. ಮಾರುಕಟ್ಟೆಯಲ್ಲಿ ಅವಳದ್ದು ಒಂದೇ ವಿದ್ಯೆ. ರೈತರು ಗೂಡು ಸುರಿದ ಜಾಲರಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗೆ ಹುಳು ಗಟ್ಟಿಯಾಗಿದ್ದರೆ ಗಲಗಲ ಅನ್ನುತ್ತದೆ. ಸತ್ತು ಕೊಳೆತು ಗೋಡೆಗೆ ಅಂಟಿದ್ದರೆ ಸದ್ದಿಲ್ಲ. ಅಂಥದ್ದರ ನೂಲು ತೆಗೆಯಲು ಹೋದರೆ ಕ್ಷಣಕ್ಕೊಂದು ಸಲ ಎಳೆ ಕಡಿಯುತ್ತದೆ. ಇದು ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಪರೀಕ್ಷೆಯೇ. ಆದರೆ ಅಮ್ಮ ಅಲ್ಲಾಡಿಸುವುದನ್ನು ಮಾರುಕಟ್ಟೆಯಲ್ಲಿ ಬಿಟ್ಟುಬರುತ್ತಿರಲಿಲ್ಲ. ತೆಂಗಿನಕಾಯಿ ಅಲ್ಲಾಡಿಸುವುದು ಸರಿ. ಬೆಂಕಿಪೊಟ್ಟಣ, ಔಷಧಿ ಡಬ್ಬಿ, ನೆಂಟರು ತಂದ ಮಿಠಾಯಿ ಪೊಟ್ಟಣ ಎಲ್ಲವನ್ನೂ ಅಲ್ಲಾಡಿಸಿ ನೋಡುತ್ತಿದ್ದಳು. ನಾನು ಡಿಗ್ರಿ ಸರ್ಟಿಫಿಕೇಟನ್ನು ಉದ್ದನೆಯ ಕೊಳವೆಯಲ್ಲಿ ಸುತ್ತಿ ತಂದ ದಿನ, ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಐತೆ ಬಿಡು ಒಳಗೆ" ಎಂದಳು. ಅದು ನನಗೆ ಸಿಕ್ಕ ಏಕೈಕ ಅಭಿನಂದನೆ.

ಅವಳ ಅನುಮಾನ ಯಾವಾಗಲೂ ಸರಿಯಾಗಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಚೊಕ್ಕವಾದ ಗೂಡು ತಂದಿದ್ದ ತೊಂಡೇಬಾವಿಯ ರೈತನೊಬ್ಬನನ್ನು, ತುಂಬಾ ನಗುತ್ತಾನೆ ಎಂಬ ಒಂದೇ ಕಾರಣಕ್ಕೆ ಬಿಟ್ಟುಬಂದಿದ್ದಳು. ಅವನಿಗೆ ಹಲ್ಲುಬ್ಬು ಅಂತ ಆಮೇಲೆ ತಿಳಿಯಿತು.

ವರ್ಷಗಟ್ಟಲೆ ಯೂನಿಟ್ಟಿನ ಚಕ್ರಗಳ ಸದ್ದಿನಲ್ಲಿ ಕೂತ ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಅಮ್ಮ ಗೂಡನ್ನು ಹೆಚ್ಚು ಹೊತ್ತು ಅಲ್ಲಾಡಿಸತೊಡಗಿದಳು. ಆಮೇಲೆ ಎರಡೂ ಕಿವಿಗೆ ಹಿಡಿಯತೊಡಗಿದಳು. ಆಮೇಲೆ ಕೆಟ್ಟ ಗೂಡು ಮನೆಗೆ ಬರತೊಡಗಿತು, ಎಳೆ ಕಡಿಯತೊಡಗಿತು. ಕೇಳಿದರೆ, "ನನ್ ಕಿವಿ ಸರೀಗೈತೆ. ಈಗಿನ ಗೂಡೇ ಮಾತಾಡಲ್ಲ" ಎನ್ನುತ್ತಿದ್ದಳು.

ಯೂನಿಟ್ಟನ್ನು ಅವಳ ಜೊತೆ ನೋಡಿಕೊಳ್ಳುವವನು ನನ್ನ ತಮ್ಮ ಮಂಜ. ಈಗ ಹರಾಜು ಕೂಗುವುದೆಲ್ಲ ಹೋಗಿ ಫೋನಿನಲ್ಲೇ ಬೆಲೆ ಹಾಕುವುದಾದ್ದರಿಂದ ಒತ್ತುವ ಬೆರಳು ಅವನದು, ಗೂಡು ಆರಿಸುವ ಕಿವಿ ಅಮ್ಮನದು. ಕಿವಿ ಕೈಕೊಟ್ಟ ಮೇಲೆ ಅವನು ನನಗೆ ಫೋನು ಮಾಡಿದ. "ಅಕ್ಕ, ಒಂದು ಮಿಶಿನ್ ಹಾಕ್ಸಿ ನೋಡಣ. ಆಗ್ಲಿಲ್ಲ ಅಂದ್ರೆ ಅಮ್ಮ ಮಾರ್ಕೆಟ್ ಬಿಡ್ಬೇಕು. ನಾನೇ ಹೇಳಿದ್ರೆ ಹೊಡೀತಾಳೆ." ವಿಷಯ ಅಷ್ಟು ಸ್ಪಷ್ಟವಾಗಿತ್ತು. ಮಾರುಕಟ್ಟೆ ಬಿಟ್ಟ ಅಮ್ಮ ಏನಾಗುತ್ತಾಳೆ ಎಂದು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಕಿವಿ ಪರೀಕ್ಷೆ ಮಾಡುವ ಮೇಡಂ ಅವರ ಬಳಿಗೆ ಕರೆದುಕೊಂಡು ಹೋದೆ. ಹುಣಸೆಬೀಜದಷ್ಟು ಮಿಶಿನ್ ಕಿವಿಯ ಹಿಂದೆ ಕೂತಿತು. ಗೂಡಿನ ಗಲಗಲ ಕೇಳಿಸಬೇಕು ಎಂದರೆ ಅವರು ನಕ್ಕು, "ಅದೆಲ್ಲ ಫೋನಲ್ಲಿ ಆ್ಯಪ್ ಹಾಕ್ಕೊಂಡು ನೀವೇ ಹೆಚ್ಚು ಕಮ್ಮಿ ಮಾಡ್ಕೊಬಹುದು" ಎಂದರು. ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚನೆ ಮಾಡಿ, ಇಳಿಯುವಾಗ ಕೇಳಿದಳು: "ಕಿವಿ ನಂದು. ಬೀಗದ ಕೈ ಫೋನಲ್ಲಿ ಯಾಕಮ್ಮ ಇಟ್ಟವ್ರೆ?" ನಾನು ಡಿಗ್ರಿ ಓದಿದವಳು, ಏನೋ ಹೇಳಿದೆ. ಸರಿಯಾದ ಉತ್ತರ ನಿಮಗೆ ಗೊತ್ತಿದ್ದರೆ ಹೇಳಿ.

ಈಗ ಯಾರ ಫೋನು ಎಂಬ ಜಗಳ ಶುರುವಾಯಿತು. ನನ್ನದು ಐಫೋನು, ಮಂಜನದು ಆಂಡ್ರಾಯ್ಡ್.

ಐಫೋನೆಂದರೆ ಡಿಗ್ರಿಯ ಕೊನೆಯ ವರ್ಷ ನಾನಿದ್ದ ಹಾಸ್ಟೆಲ್ಲಿನ ಹಾಗೆ. ಒಂದೇ ಗೇಟು. ಯಾವ ಆ್ಯಪ್ ಬರಬೇಕಾದರೂ ಅವರ ಅಂಗಡಿಯ ಮೂಲಕವೇ ಬರಬೇಕು, ವಾರ್ಡನ್ ಮುಖ ನೋಡಿ ಒಳಗೆ ಬಿಡುತ್ತಾರೆ. ಬಂದಮೇಲೆ ಗಲಾಟೆಯಿಲ್ಲ, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ದೀಪ. ನಾನು ಆ ಹಾಸ್ಟೆಲ್ಲಿನಲ್ಲೇ ಉದ್ಧಾರವಾದವಳು, ಇಲ್ಲವೆನ್ನುವುದಿಲ್ಲ. ಆದರೂ 'ನಿನ್ನ ಒಳ್ಳೆಯದಕ್ಕೇ' ಎಂದು ಹೊರಗಿನಿಂದ ಚಿಲಕ ಹಾಕುವವರನ್ನು ಕಂಡರೆ ನನಗೆ ಒಳಗೊಳಗೇ ಅನುಮಾನ.

ಆಂಡ್ರಾಯ್ಡ್ ನಮ್ಮ ಶಿಡ್ಲಘಟ್ಟ ಬಸ್ ಸ್ಟ್ಯಾಂಡು. ಅಲ್ಲೂ ದೊಡ್ಡ ಅಂಗಡಿ ಒಂದಿದೆ, ಆದರೆ ಬೇಕಾದರೆ ಹಿಂದಿನ ಸಂದಿಯಿಂದಲೂ ಸಾಮಾನು ತರಬಹುದು. ಪರದೆಯ ಮೇಲೆ ಏನು ಎಲ್ಲಿರಬೇಕು, ಯಾವುದು ಯಾವುದರ ಜೊತೆ ಮಾತಾಡಬೇಕು, ಎಲ್ಲ ನಿಮ್ಮಿಷ್ಟ. ಜೇಬು ಮಾತ್ರ ನೀವೇ ನೋಡಿಕೊಳ್ಳಬೇಕು. ಅದರ ಮೇಲೂ ನನಗೆ ಅನುಮಾನವೇ. ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟವರು ಬಂದುಹೋಗುವವರನ್ನು ಸುಮ್ಮನೆ ನೋಡುತ್ತಾ ಕೂತಿರುತ್ತಾರೆಯೇ?

"ಅಕ್ಕ, ನಿನ್ ಫೋನು ಚಿನ್ನದ ಪಂಜರ" ಎಂದ ಮಂಜ.

"ನಿಂದು ಛತ್ರ ಕಣೋ. ಯಾರ್ ಬೇಕಾದ್ರೂ ಬಂದು ಮಲ್ಗಿ ಹೋಗ್ತಾರೆ" ಎಂದೆ.

ಮೊದಲು ನನ್ನದು ಗೆದ್ದಿತು, ದೊಡ್ಡವಳಲ್ಲವೇ. ದಸರಾ ರಜೆಯಲ್ಲಿ ಯೂನಿಟ್ಟಿನಲ್ಲೇ ಉಳಿದು, ಫೋನನ್ನು ಅಮ್ಮನಿಗೆ ಕೊಟ್ಟೆ. ಅವಳು ಅದನ್ನು ಬಾಣಲೆಯ ಪಕ್ಕದಲ್ಲಿ, ಕೊಳೆ ಗೂಡಿನ ಬುಟ್ಟಿಯ ಮೇಲಿಟ್ಟುಕೊಂಡಳು. ವಾಸನೆ ಹತ್ತಿದ್ದು ಹಾಗೆ. ಫೋನಿಗೂ ಮಿಶಿನ್ನಿಗೂ ಇದ್ದ ನಂಟು ಒಮ್ಮೆಯೂ ಕಡಿಯಲಿಲ್ಲ. ಆದರೆ ಆ ಕಂಪನಿಯ ಆ್ಯಪ್‌ನಲ್ಲಿ ಇದ್ದದ್ದು ಮನೆ, ಹೋಟೆಲು, ಸಂಗೀತ, ರಸ್ತೆ ಎಂಬ ಆಯ್ಕೆಗಳಷ್ಟೇ. ಗೂಡಿನ ಮಾರುಕಟ್ಟೆ ಅಂತ ಒಂದು ಇರಲಿಲ್ಲ. ಹಿಡಿ ಗೂಡು ಅಲ್ಲಾಡಿಸಿದರೆ ಮಿಶಿನ್ನು ಅದನ್ನು ಗದ್ದಲ ಎಂದು ತೀರ್ಮಾನಿಸಿ ಅಳಿಸಿಹಾಕುತ್ತಿತ್ತು. "ನನಗೆ ಬೇಕಾದ್ದನ್ನೇ ಕಸ ಅಂತ ಗುಡ್ಸಾಕ್ತೈತೆ" ಎಂದಳು ಅಮ್ಮ.

"ಮಾತಾದ್ರೂ ಕೇಳ್ಸುತ್ತಾ?" ಎಂದು ಅವಳ ಮುಖದ ಮುಂದೆ ಬಾಯಿ ಅಗಲಿಸಿ ಕೇಳಿದೆ.

"ಬರೀ ಗುಂಯ್ ಅಂತೈತೆ" ಎಂದಳು.

ಪರದೆಯ ಮೇಲೆ ಎಲ್ಲ ಸರಿಯಾಗಿದೆ ಎಂಬ ಗುರುತು ಇತ್ತು. ಅಮ್ಮ ಸರಿಯಿಲ್ಲ ಎನ್ನುತ್ತಿದ್ದಳು. ನಾನು ಫೋನನ್ನು ಅನುಮಾನಿಸಿ, ಅಮ್ಮನನ್ನು ನಂಬಿದೆ.

ಆಮೇಲೆ ಮಂಜನ ಸರದಿ. ಅದೇ ಆ್ಯಪ್‌ನ ಹಳೆಯ ಆವೃತ್ತಿಯಲ್ಲಿ ಒಂದೊಂದು ಬಗೆಯ ಸದ್ದಿಗೂ ಒಂದೊಂದು ಗೆರೆ ಇದೆ, ಬೇಕಾದಂತೆ ಎಳೆದುಕೊಳ್ಳಬಹುದು, ಹೊಸದರಲ್ಲಿ ತೆಗೆದುಬಿಟ್ಟಿದ್ದಾರೆ ಎಂದು ಅವನಿಗೆ ಎಲ್ಲೋ ಗೊತ್ತಾಗಿತ್ತು. ತನ್ನ ಹಳೇ ಫೋನಿಗೆ ಅದನ್ನು ಹೊರಗಿನಿಂದ ತಂದು ಹಾಕಿದ. ನನ್ನ ಫೋನಿನ ವಾರ್ಡನ್ ಇದಕ್ಕೆ ಒಪ್ಪುತ್ತಿರಲಿಲ್ಲ. ಅದನ್ನು ಎಲ್ಲಿಂದ ತಂದೆ, ಯಾರು ಇಟ್ಟಿದ್ದರು ಎಂದು ಕೇಳಿದರೆ ಮಂಜ ಮಾತು ತೇಲಿಸಿದ. ಆ ಆ್ಯಪ್ ಫೋನಿನ ಮೈಕು, ಅಮ್ಮ ಇರುವ ಜಾಗ, ಮನೆಮಂದಿಯ ನಂಬರುಗಳು ಎಲ್ಲಕ್ಕೂ ಅನುಮತಿ ಕೇಳಿತು. "ಕಿವಿ ಮಿಶಿನ್ಗೆ ನಂಬರೆಲ್ಲ ಯಾಕೋ?" ಎಂದೆ. ನಂಬರುಗಳಿಗೆ ಬೇಡ ಅಂತಲೇ ಒತ್ತಿಸಿದೆ. ಗೆರೆಗಳನ್ನು ಎಳೆದಾಡಿದ ಮೇಲೆ ಅಮ್ಮ ಒಂದು ಗೂಡು ಅಲ್ಲಾಡಿಸಿ, ಕಣ್ಣು ಕಿರಿದು ಮಾಡಿ, "ಬಂತು" ಎಂದಳು. ಸ್ವಲ್ಪ ಹೊತ್ತಿಗೆ, "ಹೋಯ್ತು" ಎಂದಳು. ಬ್ಯಾಟರಿ ಉಳಿಸುವ ಭರದಲ್ಲಿ ಫೋನು ಆ್ಯಪನ್ನು ತಾನಾಗಿಯೇ ಮುಚ್ಚುತ್ತಿತ್ತು, ಎಳೆದ ಗೆರೆಗಳೆಲ್ಲ ಮೊದಲಿನ ಜಾಗಕ್ಕೆ ಹೋಗುತ್ತಿದ್ದವು. ಆ ಉಳಿತಾಯವನ್ನು ನಿಲ್ಲಿಸಿದೆವು. ಆದರೂ ಬರುವುದು, ಹೋಗುವುದು. ನನ್ನ ಫೋನು ನಿಂತ ಕಡೆ ನಿಲ್ಲುತ್ತಿತ್ತು, ಅಮ್ಮ ಕರೆದ ಕಡೆ ಬರುತ್ತಿರಲಿಲ್ಲ. ಅವನದು ಕರೆದ ಕಡೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.

ಮಿಶಿನ್ನನ್ನು ಮತ್ತೆ ನನ್ನ ಫೋನಿಗೆ ಜೋಡಿಸಿ ಕೂತಿದ್ದ ಒಂದು ಮಧ್ಯಾಹ್ನ ಮಂಜ ದನಿ ತಗ್ಗಿಸಿ ಹೇಳಿದ: "ಅಕ್ಕ, ಎರಡೂ ಆಗಲ್ಲ. ಅಮ್ಮಂಗೆ ಮಾರ್ಕೆಟ್ ಸಾಕು. ಮೇಲೂರಲ್ಲಿ ಚಿಕ್ಕಮ್ಮನ ಮನೇಲಿ ಹಾಯಾಗಿರ್ಲಿ. ನೀನ್ ಹೇಳು, ನೀನು ಓದ್ದೋಳು, ನಿನ್ ಮಾತು ಕೇಳ್ತಾಳೆ."

ಅಮ್ಮ ಎದುರಿಗೇ ಕೂತು ಕೊಳೆ ಗೂಡು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಒಮ್ಮೆ ಕಿವಿಯ ಹಿಂದೆ ಕೆರೆದುಕೊಂಡಳು, ಅಷ್ಟೆ. ನಾನು ಫೋನಿನ ಸೆಟ್ಟಿಂಗುಗಳನ್ನು ನೋಡುತ್ತಾ ಇದ್ದುಬಿಟ್ಟೆ.

ಮಾರನೆಯ ದಿನ, "ಇದೊಂದು ಸಲ ಬರ್ತೀನಿ" ಎಂದು ಅಮ್ಮ ಹಟ ಹಿಡಿದಳು. ಮಂಜನ ಹಳೇ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಿಶಿನ್ ಕಾಣದಂತೆ ಸೆರಗು ಹೊದ್ದಳು. ಚಳಿಗೆ ಅಂದುಕೊಂಡೆವು. ನಾನೂ ಜೊತೆಗೆ ಹೋದೆ.

ಒಂದು ಜಾಲರಿಯ ಹತ್ತಿರ ನಾವು ನಿಂತಾಗ, ಗೂಡು ತಂದಿದ್ದ ರೈತ ಪಕ್ಕದವನಿಗೆ ತೆಲುಗಿನಲ್ಲಿ, "ಆಯಮ್ಮಕಿ ಏಮೀ ವಿನಪಡದುಲೇ, ಮಂಚಿವಿ ಮೀದಕಿ ವೆಯ್" ಎಂದ. ಆಯಮ್ಮನಿಗೆ ಏನೂ ಕೇಳಿಸಲ್ಲ, ಒಳ್ಳೆಯವನ್ನು ಮೇಲಕ್ಕೆ ಹಾಕು ಅಂತ. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಕೈ ಜಾಲರಿಯ ತಳಕ್ಕೆ ಹೋಗಿತ್ತು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು, ವಾಪಸು ಹಾಕಿದಳು. ಬಹಳ ಅಕ್ಕರೆಯಿಂದ, ಅದೇ ತೆಲುಗಿನಲ್ಲಿ, "ಮೀದವಿ ಮಂಚಿವೇ ನಾಯನಾ. ಕಿಂದವೇ ಮಾಟ್ಲಾಡಡಂ ಲೇದು" ಎಂದಳು. ಮೇಲಿನವು ಒಳ್ಳೆಯವೇ ಮಗನೇ, ಕೆಳಗಿನವೇ ಮಾತಾಡುತ್ತಿಲ್ಲ.

ಪಕ್ಕದವನು ನಕ್ಕುಬಿಟ್ಟ. ರೈತ ಟವಲು ಕೊಡವಿಕೊಂಡು ಬೇರೆ ಕಡೆ ನೋಡಿದ. ಮಂಜ ಬಾಯಿ ತೆರೆದು ನಿಂತಿದ್ದ. ಅಮ್ಮ ಮುಂದಿನ ಜಾಲರಿಗೆ ನಡೆದಳು, ಅಲ್ಲಾಡಿಸಿದಳು, ಮಂಜನ ಕಡೆ ತಿರುಗಿ, "ಇದಕ್ಕಾಕು. ನಿಂತ್ಕೊಂಡೇನ್ ನೋಡ್ತೀಯ" ಎಂದಳು. ಅವನು ತನ್ನ ಫೋನಿನಲ್ಲಿ ಬೆಲೆ ಹಾಕಿದ.

ಗೇಟಿನ ಹತ್ತಿರ ಟೀ ಕುಡಿಯುವಾಗ ಮಂಜ ಮುಖ ಊದಿಸಿಕೊಂಡು ಕೇಳಿದ: "ಅಂಗಾದ್ರೆ ಇಷ್ಟು ದಿನ ನಮ್ ಮಾತೆಲ್ಲ ಕೇಳಿಸ್ತಿತ್ತಾ ನಿಂಗೆ?"

"ಕೇಳಿಸ್ತೈತೆ ಅಂದಿದ್ರೆ ನೀವು ಮಾತಾಡೋದೇ ನಿಲ್ಲಿಸ್ತಿದ್ರಿ" ಎಂದಳು ಅಮ್ಮ. ಅವನು ಲೋಟ ಇಟ್ಟು, ಗೂಡು ತೂಕ ಹಾಕಿಸುವ ನೆಪದಲ್ಲಿ ಒಳಗೆ ಹೋದ.

ನಾನು ಮೆಲ್ಲಗೆ, "ಹೋಗ್ಲಿ, ಯಾವ ಫೋನು ವಾಸಿ ಹೇಳಮ್ಮ" ಎಂದೆ. ನಾನು ಗೆಲ್ಲಬೇಕು ಎಂಬ ಆಸೆ ಇನ್ನೂ ಇತ್ತು ನೋಡಿ.

"ಗೂಡಿಗೆ ಅವನ್ದು. ಆಗಾಗ ಹೋಗ್ತೈತೆ, ಇನ್ನೊಂದ್ಸಲ ಅಲ್ಲಾಡ್ಸಿದ್ರಾಯ್ತು. ಮನುಷ್ಯರಿಗೆ ನಿಂದೇ. ಪಿಸುಮಾತೂ ಬಿಡಲ್ಲ." ಟೀ ಊದಿ ಒಂದು ಗುಟುಕು ಕುಡಿದಳು. "ಒಂದೇ ಒಂದು ದಿನ ನಿನ್ ಫೋನ್ ಮೇಲೆ ಅನುಮಾನ ಬಂತು ಕಣಮ್ಮ. ಮೇಲೂರಿಗೆ ಕಳ್ಸಣ ಅಂತ ಮಂಜ ಅಂದ್ನಲ್ಲ, ಅವನ ಮಾತು ಚೆನ್ನಾಗಿ ಕೇಳಿಸ್ತು. ನಿನ್ ಕಡೆಯಿಂದ ಏನೂ ಬರ್ಲಿಲ್ಲ. ಮಿಶಿನ್ ನಿಂತೋಯ್ತೇನೋ ಅಂತ ಕಿವಿ ಮುಟ್ಟಿ ನೋಡ್ಕೊಂಡೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಫೋನಿನ ಬಗ್ಗೆ ಕೇಳಿದ್ದಕ್ಕೆ ಫೋನಿನ ಬಗ್ಗೆ ಹೇಳಿದಳು. ನಾನು ಟೀ ಮುಗಿಸಿದೆ.

ಈಗ ಸ್ಟಾಫ್ ರೂಮಿನಲ್ಲಿ ಯಾರಾದರೂ, ಮೇಡಂ ಯಾವ ಫೋನು ತಗೊಳ್ಳಲಿ ಎಂದು ಕೇಳಿದರೆ ನಾನು ಮೊದಲಿನ ಹಾಗೆ ಭಾಷಣ ಮಾಡುವುದಿಲ್ಲ. ಯಾರ ಮಾತು ಕೇಳಿಸಿಕೊಳ್ಳಬೇಕು ಎಂದಿದ್ದೀರಿ ಎಂದು ಕೇಳುತ್ತೇನೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಇವತ್ತು ಬೆಳಗ್ಗೆ ಮಂಜ ಫೋನು ಮಾಡಿದ್ದ. ಇಬ್ಬನಿ ಬೀಳುತ್ತಿದೆ, ಅಮ್ಮನಿಗೆ ಮಂಡಿನೋವು, ಚಳಿ ಮುಗಿಯುವವರೆಗಾದರೂ ಮೇಲೂರಿಗೆ ಎಂದು ಮತ್ತೆ ಶುರುಮಾಡಿದ. ಅವನ ಹಿಂದೆ ಚಕ್ರಗಳು ತಿರುಗುವ ಸದ್ದು ಕೇಳುತ್ತಿತ್ತು, ಯೂನಿಟ್ಟಿನ ಒಳಗಿನಿಂದಲೇ ಮಾತಾಡುತ್ತಿದ್ದ. ನಾನು ಅವನ ಮಾತು ಮುಗಿಯಲು ಬಿಡಲಿಲ್ಲ.

"ಬೇಡ ಕಣೋ ಮಂಜ. ಅಮ್ಮ ಮಾರ್ಕೆಟ್ಟಿಗೇ ಬರ್ಲಿ. ಸ್ವೆಟರ್ ನಾನ್ ತರ್ತೀನಿ" ಎಂದು ಜೋರಾಗಿಯೇ ಹೇಳಿದೆ.

"ನಂಗೆ ಕೇಳಿಸ್ತೈತೆ, ಮೆಲ್ಲಗೆ ಮಾತಾಡಕ್ಕ" ಎಂದ ಅವನು.

ಬಾಣಲೆಯ ಹತ್ತಿರ ಕೂತವರಿಗೂ ಕೇಳಿಸಲಿ ಎಂದು, ಇನ್ನಷ್ಟು ದನಿ ಏರಿಸಿ, ಅದನ್ನೇ ಇನ್ನೊಮ್ಮೆ ಹೇಳಿದೆ.