ಗಾಜಿನ ಮೇಲಿನ ನಾಲ್ಕು ಸಾಲು

ಹಳೆಯ ಮಾನಿಟರಿನ ಪಿಕ್ಚರ್ ಟ್ಯೂಬ್ ಬಿಚ್ಚಿದ ದಿನವೇ ಅದರ ಕತ್ತು ಮುರಿಯಬೇಕು. ಇದು ನಮ್ಮ ಕಸುಬಿನ ಕಟ್ಟಳೆ. ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ. ಕೈತಪ್ಪಿ ಬಿದ್ದರೆ ಸಿಡಿದು ಚೂರುಗಳು ಮುಖಕ್ಕೇ ಹಾರುತ್ತವೆ. ಹಿಂಬದಿಯ ಸಪೂರ ಕತ್ತನ್ನು ಇಕ್ಕಳದಿಂದ ಚಿವುಟಿದರೆ ಸುಯ್ ಎಂದು ಗಾಳಿ ಒಳಗೆ ನುಗ್ಗುತ್ತದೆ, ಆಮೇಲೆ ಭಯವಿಲ್ಲ. ಹಾಗೆ ಮಾಡದ ಟ್ಯೂಬನ್ನು ಭಾಂಡುಪ್‌ನ ಯಾವ ಗುಜರಿಯವನೂ ಮುಟ್ಟುವುದಿಲ್ಲ. ನಾನು ಕೆಲಸ ಕಲಿತ ಅಂಗಡಿಯಲ್ಲಿ ಒಮ್ಮೆ ಟ್ಯೂಬ್ ಸಿಡಿದು ಉಸ್ತಾದರ ಒಂದು ಕಣ್ಣೇ ಹೋಯಿತು. ಅಂದಿನಿಂದ ಬಿಚ್ಚಿದ ಟ್ಯೂಬನ್ನು ಮರುದಿನದವರೆಗೆ ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ ನಾನು. ಆ ಶಿಸ್ತಿನ ಬಗ್ಗೆ ಭಾರಿ ಹೆಮ್ಮೆಯಿತ್ತು. ಈಗ ಆ ಹೆಮ್ಮೆಗಿಷ್ಟು ಬೆಂಕಿ ಬೀಳಲಿ ಅನಿಸುತ್ತದೆ.

ನನ್ನಪ್ಪ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದವನು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಫ್ಲ್ಯಾಟುಗಳ ಟವರ್ ಎದ್ದಿದೆ, ಅದರ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಮಾನಿಟರ್ ರಿಪೇರಿ ಎಂದೋ ಸತ್ತುಹೋಯಿತು. ಹೊಟ್ಟೆಪಾಡಿಗೆ ಉಳಿದದ್ದು ಇದೊಂದೇ: ಹಳೆಯ ಕಂಪ್ಯೂಟರಿನ ಟ್ಯೂಬ್ ತೆಗೆದು ಅದೇ ಚೌಕಟ್ಟಿನೊಳಗೆ ತೆಳ್ಳನೆಯ ಎಲ್‌ಸಿಡಿ ಕೂರಿಸುವುದು, ಹಳೆಯ ಸಿಗ್ನಲ್ ಹೊಸ ಪರದೆಗೆ ಅರ್ಥವಾಗುವಂತೆ ನಡುವೆ ಒಂದು ಸಣ್ಣ ಬೋರ್ಡ್ ಹಾಕುವುದು. ಹಳೆಯ ಸಾಮಾನಿನ ಹುಚ್ಚಿನವರು ಬರುತ್ತಾರೆ, ಸಿನಿಮಾ ಸೆಟ್ಟಿನವರು ಬರುತ್ತಾರೆ. ನನ್ನ ಹೆಂಡತಿ ಇದನ್ನು "ಹೆಣಕ್ಕ ಪೌಡರ್ ಹಚ್ಚೋ ಕೆಲಸ" ಎಂದು ಆಡಿಕೊಳ್ಳುತ್ತಾಳೆ. ಅವಳ ನಾಲಿಗೆಗೆ ಮೂಳೆಯಿಲ್ಲ, ಆದರೆ ತಪ್ಪನ್ನೇನೂ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ರಿಕ್ಷಾದಿಂದ ಇಳಿದಳು. ಚಾದರದಲ್ಲಿ ಸುತ್ತಿದ ಕಂಪ್ಯೂಟರನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದಳು. ಬಂದದ್ದು ಮಲಾಡ್‌ನಿಂದ.

"ಅಲ್ಲಿ ರಿಪೇರಿಯವ್ರು ಯಾರೂ ಸಿಗಲಿಲ್ಲೇನವಾ?" ಅಂದೆ.

"ಬಹುತ್ ಇದ್ದಾರೆ ಅಂಕಲ್. ಆದ್ರೆ ನಂಗೆ ಕನ್ನಡದವ್ರೇ ಬೇಕಿತ್ತು. ನನ್ ಕನ್ನಡ ಥೋಡಾ ಕಚ್ಚಾ ಇದೆ, ಸಂಭಾಳಿಸ್ಕೊಳ್ಳಿ."

ನಾನು ಉಬ್ಬಿಹೋದೆ. ನಮ್ಮ ಭಾಷೆಯ ಅಭಿಮಾನ ಎಂದುಕೊಂಡೆನೇ ಹೊರತು ಕನ್ನಡದವನೇ ಯಾಕೆ ಬೇಕು ಎಂದು ಕೇಳಲಿಲ್ಲ.

ಕಂಪ್ಯೂಟರ್ ಅವಳ ಅವ್ವನದು. ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಆ ತಾಯಿ ಕನ್ನಡ ಟೈಪಿಂಗ್ ಮಾಡುತ್ತಿದ್ದರಂತೆ. ಮದುವೆ ಕಾಗದ, ಕೋರ್ಟಿನ ಕಾಗದ, ಸಂಘದ ನೋಟೀಸು, ಬಂದದ್ದೆಲ್ಲ. ಆಫೀಸು ಮುಚ್ಚಿದಾಗ ಮಾಲೀಕ ಮಷೀನನ್ನು ಅವರಿಗೇ ಕೊಟ್ಟ. ಮಗಳು ಶಾಲೆ ಮುಗಿಸಿ ಬಂದು ಚಾಳಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ಅವ್ವನ ಲೋಕಲ್ ರೈಲು ಯಾವಾಗ ಬರುತ್ತದೋ ಎಂದು. "ರೋಜ್ ಬೈಠ್‌ತಾ ಇದ್ದೆ ಅಂಕಲ್. ಅವ್ವ ಬರೋದ್ರೊಳಗೆ ಅಲ್ಲೇ ನಿದ್ದೆ ಬರ್ತಿತ್ತು." ಅವ್ವ ತೀರಿ ಆಗ ಮೂರು ವರ್ಷವಾಗಿತ್ತು.

ಡಿಸ್ಕ್ ಪೂರಾ ಸತ್ತಿತ್ತು, ಟ್ಯೂಬೂ ಹತ್ತುತ್ತಿರಲಿಲ್ಲ. ಫೋನ್ ಮಾಡಿ ಹೇಳಿದೆ. "ಡಿಸ್ಕ್ ಹೋದ್ರೆ ಹೋಗ್ಲಿ ಅಂಕಲ್, ಸ್ಕ್ರೀನ್ ಹತ್ತಬೇಕು, ಬಸ್," ಅಂದಳು. ಒಳಗೆ ಏನೂ ಇಲ್ಲದ ಮಷೀನಿಗೆ ಬರೀ ಪರದೆ ಯಾಕೆ? ಇದೆಂಥ ಹುಚ್ಚು ಎಂದು ಹೆಂಡತಿಯ ಮುಂದೆ ನಕ್ಕೆ. ಆಗಲೂ ಕೇಳಲಿಲ್ಲ.

ಟ್ಯೂಬ್ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಾಗ ಕಲೆ ಕಂಡಿತು. ಒಂದೇ ಚಿತ್ರ ವರ್ಷಗಟ್ಟಲೆ ಪರದೆಯ ಮೇಲೆ ನಿಂತರೆ ಒಳಮೈಯ ಪುಡಿ ಸುಟ್ಟು ಅದರ ಕಲೆ ಉಳಿದುಬಿಡುತ್ತದೆ. ಪರದೆ ಆರಿಸಿದರೂ ಮಸುಕಾಗಿ ಕಾಣುತ್ತದೆ. ಕನ್ನಡ ಅಕ್ಷರಗಳು, ನಾಲ್ಕು ಸಾಲು. ನಮ್ಮ ಕಸುಬಿನಲ್ಲಿ ಅದು ನಾಚಿಕೆಗೇಡು. ಕಲೆ ಇರುವ ಟ್ಯೂಬನ್ನು ವಾಪಸು ಕೊಟ್ಟರೆ ಗಿರಾಕಿ ಮುಖಕ್ಕೆ ಉಗಿಯುತ್ತಿದ್ದ. ಮೂವತ್ತು ವರ್ಷ ನನ್ನ ಕಣ್ಣಿಗೆ ಕಲೆ ಎಂದರೆ ಕಲೆ, ಅಷ್ಟೇ. ಅಕ್ಷರ ಎಂದು ಕಂಡಿತು, ಓದಲಿಲ್ಲ. ಛೇ, ಎಷ್ಟು ಸುಟ್ಟಿದೆ ನೋಡು ಎಂದು ಗೊಣಗಿ ಕತ್ತು ಚಿವುಟಿದೆ. ಸಂಜೆಯೊಳಗೆ ಗುಜರಿಯವನು ಒಯ್ದ.

ಎರಡು ವಾರ ಹಿಡಿಯಿತು ಹೊಸ ಪರದೆಗೆ. ಅಳತೆಯ ಪ್ಯಾನೆಲ್ ಹುಡುಕಿದೆ, ಮೊದಲಿನ ಕಿತ್ತಳೆ ಬೆಳಕು ಬರಲಿ ಎಂದು ಮೇಲೆ ಬಣ್ಣದ ಹಾಳೆ ಅಂಟಿಸಿದೆ, ಡಿಸ್ಕಿನ ಜಾಗಕ್ಕೆ ಮೆಮೊರಿ ಕಾರ್ಡ್ ಹಾಕಿದೆ. ಅಷ್ಟು ಚೆಂದದ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಅವಳು ಬಂದಾಗ ಮದುಮಗನ ಅಪ್ಪನ ಹಾಗೆ ಸ್ವಿಚ್ ಒತ್ತಿದೆ. ಕರ್ಸರ್ ಮಿಣಮಿಣ ಅಂದಿತು.

ಅವಳು ಕಾದಳು. ನಾನೂ ಶಭಾಶ್‌ಗಿರಿಗಾಗಿ ಕಾದೆ.

"ಅಂಕಲ್, ಅಕ್ಷರ ಎಲ್ಲಿ?"

"ಯಾವ ಅಕ್ಷರ?"

ಅವಳು ಸ್ವಿಚ್ ಆರಿಸಿದಳು. ಪಕ್ಕಕ್ಕೆ ಸರಿದು, ತಲೆ ಓರೆಮಾಡಿ, ಬಾಗಿಲ ಬೆಳಕಿಗೆ ಅಡ್ಡವಾಗಿ ಪರದೆಯನ್ನು ನೋಡಿದಳು. "ಇಲ್ಲಿ ಇತ್ತಲ್ಲ. ಅವ್ವ ಟೈಪ್ ಮಾಡಿದ್ದು. ಚಾರ್ ಲೈನ್. ಬಂದ್ ಇದ್ದಾಗ ಹಲ್ಕಾ ಕಾಣ್ತಿತ್ತು. ಚಾಲೂ ಆದ್ರೆ ಸಾಫ್ ಕಾಣುತ್ತೆ ಅನ್ಕೊಂಡೆ. ನಂಗೆ ಓದಕ್ಕೆ ಬರಲ್ಲ. ನಿಮ್ ಹತ್ರ ಓದಿಸ್ಬೇಕು ಅಂತ..."

ನಾನು ಕೇಳಿದೆ: "ಫೋಟೊ ತೆಗೆದೀಯೇನು?"

"ಎಷ್ಟ್ ಸಲ ತೆಗೆದೆ. ಗಾಜಲ್ಲಿ ಬರೀ ನನ್ ಮುಖಾನೇ ಬರ್ತಿತ್ತು."

ಅವಳನ್ನು ಅಂಗಡಿಯಲ್ಲೇ ಕೂರಿಸಿ ಗುಜರಿಗೆ ಓಡಿದೆ. ಅರವತ್ತರ ಮುದುಕ ಬಿಸಿಲಲ್ಲಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಗುಜರಿಯವನು ವಿಜಾಪುರ ಕಡೆಯ ಸಾಬರವನು, ನನ್ನ ಹಳೆಯ ದೋಸ್ತ. ಗಾಜಿನ ರಾಶಿ ತೋರಿಸಿದ. ಆ ಟ್ಯೂಬಿನ ಮುಂಭಾಗದ ಎರಡು ದೊಡ್ಡ ಚೂರು ಸಿಕ್ಕವು. ಮೂಲೆಯಲ್ಲಿ ನಾನೇ ಮಾರ್ಕರಿನಿಂದ ಹಾಕಿದ ಗುರುತಿತ್ತು. ಬೆಳಕಿಗೆ ಹಿಡಿದೆ. ಗಾಜಿನಾಚೆಯ ಗೋಡೆ ಸ್ವಚ್ಛವಾಗಿ ಕಂಡಿತು.

"ಒಳಗಿನ ಪೌಡರ್ರೇನ್ರಿ? ಹಂಗ ಕೊಟ್ರ ಗ್ಲಾಸಿನವ್ರು ತಗೋಳಂಗಿಲ್ಲ. ಅವತ್ತ ತೊಳದ ಹಾಕೀವಿ," ಅಂದ. "ಯಾಕ್ರಿ, ಏನಾತು?"

ಅಕ್ಷರ ಇದ್ದದ್ದು ಗಾಜಿನಲ್ಲಲ್ಲ, ಆ ಪುಡಿಯಲ್ಲಿ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಓಡಿದ್ದೆ. ಅದು ಎಂದೋ ಗಟಾರಕ್ಕೆ ಹರಿದುಹೋಗಿತ್ತು.

ವಾಪಸು ಬಂದಾಗ ಅವಳು ಹಾಗೆಯೇ ಕೂತಿದ್ದಳು. ಬಯ್ಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು: "ನೀವು ನೋಡಿದ್ರಲ್ಲ ಅಂಕಲ್? ನಿಮ್ಗೆ ಕನ್ನಡ ಬರುತ್ತಲ್ಲ. ಏನ್ ಬರೆದಿತ್ತು?"

ಜಗತ್ತಿನಲ್ಲಿ ಆ ಸಾಲುಗಳನ್ನು ಕೊನೆಗೆ ನೋಡಿದವನು ನಾನು. ಕಣ್ಣು ಮುಚ್ಚಿ ಹುಡುಕಿದೆ. ನಾಲ್ಕು ಸಾಲು, ಎರಡನೆಯದು ಗಿಡ್ಡ. ಅದರಾಚೆ ಏನೂ ಬರಲಿಲ್ಲ. ಆ ತಾಯಿ ಬಹುಶಃ ಏನನ್ನೂ ಬರೆದಿರಲೇ ಇಲ್ಲ. ಹೊಸ ಕಡತ, ಮುದ್ರಣ, ಹಳೆಯ ಕಡತ, ಕೆಲಸ ಮುಕ್ತಾಯ ಎಂಬ ಮಷೀನಿನ ಬರೀ ಪಟ್ಟಿಯೂ ಇದ್ದಿರಬಹುದು. ನೆನಪಿಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅವಳ ಮುಖ ನೋಡಿದೆ. ಬಾಯಿಂದ ಬಂದದ್ದು ಬೇರೆ.

"ಒಂದ ಸಾಲು ನೆನಪೈತಿ ನೋಡವಾ. 'ಮಗಳು ಮೆಟ್ಟಿಲ ಮೇಲೆ ಕಾಯುತ್ತಿದ್ದಾಳೆ, ಬೇಗ ಹೋಗಬೇಕು' ಅಂತಿತ್ತು."

ಅವಳೇ ಹೇಳಿದ್ದನ್ನು ತಿರುಗಿಸಿ ಅವಳಿಗೇ ಕೊಟ್ಟೆ, ಕಳ್ಳ ನನ್ಮಗ ನಾನು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. "ಆದ್ರೂ ಬೇಗ ಬರ್ಲಿಲ್ಲ ಅಂಕಲ್, ಒಂದ್ ದಿನಾನೂ ಬರ್ಲಿಲ್ಲ," ಅಂದಳು. ಅತ್ತು ಮುಗಿದ ಮೇಲೆ, ಅದನ್ನು ಪರದೆಯ ಮೇಲೆ ಹಾಕಿಕೊಡಿ, ಚಾಲೂ ಮಾಡಿದಾಗೆಲ್ಲ ಕಾಣಲಿ ಎಂದು ಕೇಳಿದಳು. ಹಾಕಿಕೊಟ್ಟೆ. ಕಿತ್ತಳೆ ಬೆಳಕಿನಲ್ಲಿ ನನ್ನ ಸುಳ್ಳು ಬಲು ಚೆಂದ ಕಂಡಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. "ಹೋಗ್ಲಿ ಬಿಡ್ರಿ, ಅಕಿ ಮನಸ್ಸಿಗೆ ಸಮಾಧಾನ ಆತಲ್ಲ," ಅಂದಳು. ತಟ್ಟೆ ಸರಿಸಿ ಎದ್ದುಬಿಟ್ಟೆ. ಯಾರ ಸಮಾಧಾನ? ಸತ್ತವಳ ಬಾಯಿಗೆ ನನ್ನ ಮಾತು ತುರುಕಿದ್ದೇನೆ, ಅದಕ್ಕೆಂಥ ಸಮಾಧಾನ?

ಕೆಲವು ತಿಂಗಳ ನಂತರ ಫೋನಿಗೆ ಒಂದು ಚಿತ್ರ ಬಂತು. ನೋಟ್‌ಬುಕ್ಕಿನ ಹಾಳೆ. ಪರದೆ ನೋಡಿ ನೋಡಿ ಅವಳು ಆ ಸಾಲನ್ನು ಕೈಯಿಂದ ಬರೆದಿದ್ದಳು, ಸೊಟ್ಟ ಸೊಟ್ಟ ದೊಡ್ಡ ಅಕ್ಷರ. ಅವಳು ಬರೆದ ಮೊದಲ ಕನ್ನಡ ಅದು. ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿ ಕಲಿಯುತ್ತಿದ್ದಾಳಂತೆ, ಅವ್ವನ ಸಾಲಿನಿಂದಲೇ.

ಅಂದಿನಿಂದ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ನನ್ನ ಕಾಲುನೋವು ವಿಚಾರಿಸುತ್ತಾಳೆ, ಆಮೇಲೆ ಅದೇ ಪ್ರಶ್ನೆ: "ಅಂಕಲ್, ಬಾಕಿ ಮೂರು ಸಾಲು ಏನಾದ್ರೂ ಯಾದ್ ಬಂತಾ?" ಇಲ್ಲವ್ವಾ ಎನ್ನುತ್ತೇನೆ. ನಿಜ ಹೇಳಿಬಿಡೋಣ ಎಂದು ಪ್ರತಿ ಶನಿವಾರ ಗಟ್ಟಿ ಮಾಡಿಕೊಳ್ಳುತ್ತೇನೆ; ಅವಳ ದನಿ ಕೇಳಿದೊಡನೆ ಮಾತನ್ನು ಕಾಲುನೋವಿನ ಕಡೆಗೇ ಹೊರಳಿಸುತ್ತೇನೆ. ಆದರೆ ಕಳೆದ ವಾರ ಅವಳಿಗೆ ಜ್ವರ ಬಂದಿತ್ತು. ಒಬ್ಬಳೇ ಮಲಗಿದ್ದಳು, ದನಿ ಬಿದ್ದುಹೋಗಿತ್ತು. ಕೇಳಬೇಕೋ ಬೇಡವೋ ಎಂಬಂತೆ ಕೇಳಿದಳು.

ಪೆನ್ನು ತಗೋಳವಾ ಅಂದೆ. ಆಮೇಲೆ ಒಂದೊಂದೇ ಶಬ್ದ ಬಿಡಿಸಿ, ಎರಡನೆಯ ಸಾಲು ಹೇಳಿದೆ. ಗಿಡ್ಡ ಸಾಲು.