ಏಳು ಗಂಟೆಯ ಕ್ಲಾಸಿನ ಗಿರಿಜಾ ಮೇಡಂ

ಬೆಳಗಿನ ಆರೂವರೆ. ಸೂರತ್‌ನ ವರಾಛಾ ರಸ್ತೆಯಲ್ಲಿ ವಜ್ರದ ಕಾರ್ಖಾನೆಗಳ ಶಟರು ಇನ್ನೂ ಎದ್ದಿಲ್ಲ. ಸಿಟಿ ಬಸ್ಸಿನಿಂದಿಳಿದ ಗಿರಿಜಾ ಕಟಗೇರಿ ಕಾಲೇಜಿನ ಮೂರನೇ ಮಹಡಿ ಹತ್ತಿ, ತಾವೇ ಕಿಟಕಿ ತೆರೆದು ಬೋರ್ಡು ಒರೆಸುತ್ತಾರೆ. ಏಳಕ್ಕೆ ಕ್ಲಾಸು. ಹುಡುಗರಲ್ಲಿ ಮುಕ್ಕಾಲು ಪಾಲು ಹತ್ತರ ಹೊತ್ತಿಗೆ ಸೀರೆ ಅಂಗಡಿಗೋ ವಜ್ರ ಹೊಳಪಿಸುವ ಕೆಲಸಕ್ಕೋ ಓಡಬೇಕಾದವರು. ಅದಕ್ಕೇ ಪಾಠ ಇಷ್ಟು ಬೇಗ.

ಗಿರಿಜಾ ಕಲಿಸುವುದು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದನ್ನು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು. ಅವರ ಕ್ರಮವೇ ಬೇರೆ. ಕೆಂಪು ಪೆನ್ನು ಮುಟ್ಟುವುದಿಲ್ಲ. ಬರೆದವರು ಮುಂದೆ ಬಂದು ಗಟ್ಟಿಯಾಗಿ ಓದಬೇಕು. ತಿಳಿಯದ ಕಡೆ ಕೇಳುವವರು ಕೈ ಎತ್ತಬೇಕು. ಮೂರು ಕೈ ಎದ್ದರೆ ಆ ವಾಕ್ಯಕ್ಕೆ ಕತ್ತರಿ. ಮೇಡಂ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾರೆ. "ನನ್ನ ಕಿವಿತನಕ ಬರಲಿಲ್ಲಂದ್ರ ಆ ಮಾತು ಹುಟ್ಟೇ ಇಲ್ಲ ಅಂತ ತಿಳೀರಿ. ಇಷ್ಟ ನನ್ನ ಸಿಲಬಸ್ಸು," ಎಂದು ನಗುತ್ತಾರೆ.

ಬಾಗಲಕೋಟೆ ಕಡೆಯವರು, ವಯಸ್ಸು ಐವತ್ತೆರಡು. ಗಂಡ ಬಾಲಕೃಷ್ಣ ಅವರಿಗೆ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದವರು, ಹತ್ತೊಂಬತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ದಿನಕ್ಕೆ ಮೂರು ಕ್ಲಾಸು, ನೂರ ಹದಿನೆಂಟು ವಿದ್ಯಾರ್ಥಿಗಳು, ಎರಡು ಬಸ್ಸು. ಸ್ಟಾಫ್ ರೂಮಿನಲ್ಲಿ ಸ್ವಂತದ್ದೆನ್ನುವ ಕುರ್ಚಿಯಿಲ್ಲ. ಅವತ್ತು ಯಾರು ರಜೆಯೋ ಅವರ ಕುರ್ಚಿ. ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕಬೇಕು. ನೌಕರಿ ಕಾಯಂ ಆಗುವ ಮಾತೆತ್ತಿದರೆ, "ಅದನ್ನ ಬಿಡ್ರಿ, ಚಾ ಆರ್ತೈತಿ," ಎಂದು ಕಪ್ಪು ಮುಂದೆ ಸರಿಸುತ್ತಾರೆ.

ಈ ಜನವರಿಯಲ್ಲಿ ಇದ್ದದ್ದಕ್ಕೂ ಕುತ್ತು ಬಂತು. ಏಳು ಗಂಟೆಯ ಕ್ಲಾಸು ತೆಗೆದು, ಅದೇ ಪಾಠವನ್ನು ವಿಡಿಯೊದಲ್ಲಿ ತೋರಿಸೋಣ ಎಂದು ಕಾಲೇಜಿನ ಸಮಿತಿ ಹೊರಟಿತು. ಅದು ಹೋದರೆ ಉಳಿದೆರಡು ಕ್ಲಾಸೂ ವಿಡಿಯೊ ಪಾಲು, ಮೇಡಂ ಕೆಲಸವೂ ಹೋದಂತೆ. ಅವರಿಗೆ ತಮ್ಮ ವಾದ ಹೇಳಿಕೊಳ್ಳಲು ಐದು ನಿಮಿಷ ಕೊಟ್ಟರು.

ಗಿರಿಜಾ ಮೂರು ದಿನ ಕೂತು ಭಾಷಣ ಬರೆದರು. ಸಭೆಯ ಹಿಂದಿನ ದಿನ ಅದನ್ನು ಕ್ಲಾಸಿನ ಮುಂದೆಯೇ ಓದಿದರು. ಪ್ರಾಚೀನ ಗ್ರೀಸು, ಪ್ರಜಾಪ್ರಭುತ್ವ, ರಾಷ್ಟ್ರ ನಿರ್ಮಾಣ... ಅಬ್ಬಬ್ಬಾ, ಏನುಂಟು ಏನಿಲ್ಲ! ಹುಡುಗರು ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದೇ ಕೈ ಎದ್ದಿತು. ಎರಡು ಪುಟ ಹೋಗಿ ನಾಲ್ಕು ಸಾಲು ಉಳಿಯಿತು. ಆಗ ಎಂದೂ ತುಟಿ ಪಿಟಕ್ಕೆನ್ನದ ನಿರಾಲಿ, ವಜ್ರದ ಕೆಲಸಗಾರರ ಮಗಳು, ಎದ್ದು ನಿಂತು ಹಿಂದಿಯಲ್ಲಿ ಹೇಳಿದಳು: "ಮೇಡಂ, ನಿಮಗೆ ಏನು ಬೇಕು ಅಂತ ನೀವು ಹೇಳಲೇ ಇಲ್ಲ."

"ಖರೇ ಹೇಳ್ತೀನ್ರಿ, ಮೊದಲು ಸಿಟ್ಟು ಬಂತು," ಗಿರಿಜಾ ಒಪ್ಪಿಕೊಳ್ಳುತ್ತಾರೆ. "ಬಸ್ಸಿನ್ಯಾಗ ಕುಂತಾಗ ಅನಿಸ್ತು, ಆಕಿ ಹೇಳಿದ್ದು ಬರೋಬ್ಬರಿ ಐತಿ. ಬೇಕಾದ್ದೊಂದು ಬಿಟ್ಟು ಜಗತ್ತೆಲ್ಲಾ ಬರದಿದ್ನಿ."

ಮರುದಿನ ಚೀಟಿಯಿಲ್ಲದೆ ಸಮಿತಿಯ ಮುಂದೆ ನಿಂತರು. ಮೊಬೈಲಿನ ಮುಂದೆ ನನ್ನ ಹುಡುಗರು ಚೆನ್ನಾಗಿಯೇ ಮಾತಾಡುತ್ತಾರೆ, ಮನುಷ್ಯರ ಮುಖ ಕಂಡರೆ ಹೆದರುತ್ತಾರೆ; ಆ ಹೆದರಿಕೆ ಬಿಡಿಸಲು ಈ ಕ್ಲಾಸು ಬೇಕು, ನನಗೆ ಈ ಕೆಲಸವೂ ಬೇಕು ಎಂದಷ್ಟೇ ಹೇಳಿ ಕೂತರು. ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನೊಂದು ವರ್ಷ ನಡೆಯಲಿ ಎಂದಿತು ಸಮಿತಿ.

ಒಂದೇ ವರ್ಷವೇ ಎಂದರೆ ಗಿರಿಜಾ ತಲೆಯಾಡಿಸುತ್ತಾರೆ.

"ಅಷ್ಟರ ಸಿಕ್ತಲ್ರಿ. ಬಾಯಿ ಬಿಟ್ಟು ಮಾತಾಡ್ರಿ ಅಂತ ಹತ್ತೊಂಬತ್ತು ವರ್ಷ ಮಂದಿ ಮಕ್ಕಳಿಗೆ ಹೇಳಿದೆ. ನನಗ ಬೇಕಾದ್ದನ್ನ ನಾನು ಕೇಳಿದ್ದು ಇದ ಮೊದಲ ಸಲ."