ಕೈಫೆಂಗಿನ ಆಮೀನ್

ಉಮ್ಮನ ತಲೆಬಟ್ಟೆಯ ಅಂಚಿನಲ್ಲಿ, ಬಲಗಿವಿಯ ಮೇಲೆ, ಯಾವಾಗಲೂ ಒಂದು ಹಿಡಿಸೂಡಿ ಕಡ್ಡಿ, ಎಂದರೆ ತೆಂಗಿನ ಪೊರಕೆಯ ಕಡ್ಡಿ, ಸಿಕ್ಕಿಸಿಕೊಂಡಿರುತ್ತಿತ್ತು. ಗೇಣುದ್ದದ್ದು, ತುದಿ ಹೆರೆದು ನುಣುಪು ಮಾಡಿದ್ದು. ಮಕ್ಕಳಿಗೆ ಕುರ್‌ಆನ್ ಓದಿಸುವಾಗ ಅಕ್ಷರ ತೋರಿಸಲಿಕ್ಕೆ ಅದು ಬೇಕು. ಪಾಠ ಮುಗಿದ ಮೇಲೂ ಅದು ಅಲ್ಲೇ. ಮೀನು ತೊಳೆಯುವಾಗಲೂ ಅಲ್ಲೇ, ಲಿಫ್ಟಿನಲ್ಲಿ ಹೋಗುವಾಗಲೂ ಅಲ್ಲೇ. ಅಬುಧಾಬಿಯಲ್ಲಿ ಬಂಗಾರ ಬೇಕಾದಷ್ಟು ಸಿಗುತ್ತದೆ, ಒಳ್ಳೆಯ ತೆಂಗಿನ ಹಿಡಿಸೂಡಿ ಮಾತ್ರ ಸಿಗುವುದಿಲ್ಲ ಎನ್ನುವುದು ಈ ದೇಶದ ಮೇಲೆ ಅವರಿಗಿದ್ದ ಒಂದೇ ದೂರು. ಊರಿನಿಂದ ಯಾರು ಬಂದರೂ ಕಡ್ಡಿ ತರಿಸಿಕೊಳ್ಳುತ್ತಿದ್ದರು.

ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರ ಫ್ಲಾಟಿಗೂ ನಮ್ಮ ಫ್ಲಾಟಿಗೂ ನಡುವೆ ಒಂದೇ ಗೋಡೆ. ಅವರು ಉಳ್ಳಾಲ ಕಡೆಯ ಬ್ಯಾರಿಗಳು, ನಾನು ಉಡುಪಿ ಕಡೆಯ ತುಳುವಳು. ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದ ಅವರನ್ನು ಮಗ ಹೇಗೆ ಕರೆಯುತ್ತಿದ್ದನೋ ಹಾಗೇ ಇಡೀ ಕಟ್ಟಡ ಕರೆಯುತ್ತಿತ್ತು: ಉಮ್ಮ. ಸಂಜೆ ಶಾಲೆ ಬಸ್ಸಿಳಿದ ಮಕ್ಕಳು ಅವರ ಮನೆಯಲ್ಲಿ ಸಾಲಾಗಿ ಕೂರುತ್ತಿದ್ದವು. ಅವು ಇಂಗ್ಲಿಷಿನಲ್ಲಿ ಕೇಳುವುದು, ಇವರು ಕನ್ನಡದಲ್ಲೋ ಬ್ಯಾರಿಯಲ್ಲೋ ಗದರುವುದು. ಹೇಗೋ ಎಲ್ಲರಿಗೂ ಎಲ್ಲ ಅರ್ಥವಾಗುತ್ತಿತ್ತು.

ಒಂದು ವಿಚಿತ್ರವಿತ್ತು. ಗೋಡೆ ಅಷ್ಟು ತೆಳುವಾಗಿದ್ದರೂ ಉಮ್ಮ ಓದುವುದು ನನಗೆ ಒಂದು ದಿನವೂ ಕೇಳಿಸಿದ್ದಿಲ್ಲ. ನಡುವೆ ಒಂದೇ ಒಂದು ಶಬ್ದ ಮಾತ್ರ ಗೋಡೆ ದಾಟಿ ಬಂದು ನನ್ನ ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಮುಟ್ಟಿಕೊಂಡು ಹೋಗುತ್ತಿತ್ತು: "ಆಮೀ...ನ್!"

ಸಮುದ್ರದಂಡೆಯ ಕಾರ್ನಿಶ್‌ನಲ್ಲಿ ನಡೆಯುತ್ತಿದ್ದಾಗ ಒಮ್ಮೆ ಕೇಳಿಯೇಬಿಟ್ಟೆ. "ಉಮ್ಮ, ನಿಮ್ಮ ಆಮೀನ್ ಮಾತ್ರ ಕೇಳ್ತದೆ. ಓದಿದ್ದು ಎಂತಕ್ಕೆ ಕೇಳುದಿಲ್ಲ?"

"ಹೆಣ್ಣುಮಕ್ಕಳು ಓದಿದ್ದು ಹೊಸ್ತಿಲು ದಾಟ್ಲಿಕ್ಕಿಲ್ಲ ಅಂತ ನನ್ನ ಅಜ್ಜಿ ಕಲಿಸಿದ್ದು. ನಮಾಜಲ್ಲಿ ಆಮೀನ್ ಗಟ್ಟಿ ಹೇಳ್ಬೇಕು ಅಂತಲೂ ಅವರೇ ಕಲಿಸಿದ್ದು. ಹಾಗೆ ನನ್ನ ಗಂಟಲಿಗೆ ಒಂದೇ ಶಬ್ದ ಸಿಕ್ಕಿದ್ದು ನೋಡು." ನಕ್ಕರು. ಸ್ವಲ್ಪ ದೂರ ನಡೆದ ಮೇಲೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಒಂದು ಆಸೆ ಉಂಟು ಮಗಳೇ. ನಗ್ಬಾರ್ದು ನೀನು. ಸಾಯುದರೊಳಗೆ ಒಂದು ಸಲ ಪಳ್ಳಿಯ ಒಳಗೆ ಕೂತು ಗಂಟಲು ಬಿಟ್ಟು ಓದ್ಬೇಕು. ನಾಲ್ಕು ಜನ ಕೇಳ್ಬೇಕು. ಅದು ಆಗುದಲ್ಲ, ಬಿಡು."

ಪಳ್ಳಿ ಎಂದರೆ ಮಸೀದಿ. ಇಲ್ಲಿನ ಮಸೀದಿಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಇದೆ, ಅವರು ಹೋಗುತ್ತಿದ್ದರು. ಆದರೆ ಅಲ್ಲಿ ದನಿ ಸ್ಪೀಕರಿನಿಂದ ಬರುವುದು, ಇವರು ಕೇಳುವುದು. ಆ ಆಸೆಗೆ ನಾನು ನಗಲಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನ ಟ್ರಾವೆಲ್ ಆಫೀಸಿನಲ್ಲಿ ನನಗೆ ಕೆಲಸ. ಊರವರನ್ನೆಲ್ಲ ಊರೂರು ತಿರುಗಿಸಿದವಳಿಗೆ ತನ್ನದೇ ಒಂದು ಕನಸಿತ್ತು, ಚೀನಾದ ಹಳೆಯ ರಾಜಧಾನಿಗಳನ್ನು ನೋಡುವುದು. ಶಿಯಾನ್, ಲುವೊಯಾಂಗ್, ಕೈಫೆಂಗ್. ಟಿಕೇಟು, ಹೋಟೆಲು ಎಲ್ಲ ಗೊತ್ತುಮಾಡಿದ ಮೇಲೆ ನನ್ನ ಗಂಡನ ರಜೆ ಕ್ಯಾನ್ಸಲ್ ಆಯಿತು. ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಉಮ್ಮ ಒಂದು ಬಟ್ಟಲು ಪಾಯಸ ಹಿಡಿದುಕೊಂಡು ಬಂದರು.

"ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆಯಾ? ಯಲ್ಲಾ, ಹೊರಡು, ನಾನು ಬರ್ತೇನೆ."

ಮಗ ಹೌಹಾರಿದ. "ಉಮ್ಮಾ, ಚೀನಾಕ್ಕಾ? ಅಲ್ಲಿ ನಿಮಗೆ ತಿನ್ಲಿಕ್ಕೆ ಎಂತ ಸಿಗ್ತದೆ? ಮಾತಾಡ್ಲಿಕ್ಕೆ ಯಾರಿದ್ದಾರೆ?"

"ನಾನು ತಿನ್ಲಿಕ್ಕೆ ಹೋಗುದಲ್ಲ, ನೋಡ್ಲಿಕ್ಕೆ ಹೋಗುದು. ಮಾತಾಡುದು ಇವಳು ಮಾಡ್ತಾಳೆ. ಖಲಾಸ್!"

ತಿನ್ನಲಿಕ್ಕೆ ಅಲ್ಲ ಎಂದವರ ಪೆಟ್ಟಿಗೆಯಲ್ಲಿ ಅರ್ಧ ಬಟ್ಟೆ, ಅರ್ಧ ಅಕ್ಕಿರೊಟ್ಟಿ ಮತ್ತು ಸಿಗಡಿ ಚಟ್ನಿಪುಡಿ. ಪುಡಿಯ ಡಬ್ಬಿಯನ್ನು ಚೀನಾದ ಬುಲೆಟ್ ಟ್ರೇನಿನಲ್ಲಿ ತೆರೆದರು ನೋಡಿ, ಇಡೀ ಬೋಗಿಯೇ ತಿರುಗಿ ನೋಡಿತು. ನಾನು ನಾಚಿಕೆಯಿಂದ ಕಿಟಕಿಗೆ ಅಂಟಿಕೊಂಡೆ. ಉಮ್ಮ ಎದುರಿನ ಸೀಟಿನ ಅಜ್ಜನ ಅಂಗೈಗೆ ಚಿಟಿಕೆ ಪುಡಿ ಹಾಕಿದರು. ಅವನು ನೆಕ್ಕಿ, ಕಣ್ಣರಳಿಸಿ, ಮತ್ತೆ ಕೈ ಚಾಚಿದ. ಆಮೇಲೆ ಅವನ ಹೆಂಡತಿಯೂ ಚಾಚಿದಳು. ಪುಡಿ ಅಲ್ಲಿಗೇ ಮುಕ್ಕಾಲು ಖಾಲಿ.

ಶಿಯಾನ್‌ನ ದೊಡ್ಡ ಮಸೀದಿಯನ್ನು ನೋಡಿ ಉಮ್ಮ ಗೇಟಿನಲ್ಲೇ ನಿಂತುಬಿಟ್ಟರು. ಬಾಗಿದ ಹಂಚಿನ ಮಾಡು, ಮರದ ಕಮಾನು, ಒಂದರ ಹಿಂದೆ ಒಂದು ಅಂಗಳ. "ಇದು ದೇವಸ್ಥಾನ ಅಲ್ವಾ ಮಾರಾಯ್ತಿ? ನೀನು ನಂಗೆ ಚಂದ ಮಾಡಿ ಮೋಸ ಮಾಡ್ತಿದ್ದಿ." ಕಲ್ಲಿನ ಮೇಲೆ ಕೊರೆದ ಅರಬಿ ಅಕ್ಷರ ಕಂಡದ್ದೇ ತಲೆಬಟ್ಟೆಯಿಂದ ಕಡ್ಡಿ ಹೊರಗೆ ಬಂತು, ಒಂದೊಂದೇ ಅಕ್ಷರ ತೋರಿಸುತ್ತ ನನಗೆ ಪಿಸುದನಿಯಲ್ಲಿ ಓದಿ ಹೇಳಿದರು. ಕೊನೆಯ ಅಂಗಳದಲ್ಲಿ ನಮಾಜಿನ ದೊಡ್ಡ ಚಾವಡಿ. ಅದು ಗಂಡಸರದ್ದು, ಅದರೊಳಗೆ ನಮಗೆ ಪ್ರವೇಶವಿರಲಿಲ್ಲ. ಉಮ್ಮ ಮೆಟ್ಟಿಲ ಕೆಳಗೆ ನಿಂತು ತುಂಬ ಹೊತ್ತು ಒಳಗೆ ನೋಡಿದರು. "ನೋಡಿ ಆಯ್ತಲ್ಲ, ಹೋಗುವ" ಎಂದರು.

ಲುವೊಯಾಂಗ್‌ನಲ್ಲಿ ನದಿಯ ದಡದ ಬಂಡೆಗಳಲ್ಲಿ ಕೊರೆದ ಬುದ್ಧರನ್ನು ನೋಡಿದೆವು. ಎಲ್ಲಕ್ಕಿಂತ ದೊಡ್ಡ ಬುದ್ಧನ ಮುಖ ಒಬ್ಬ ರಾಣಿಯ ಮುಖದಂತೆ ಕೆತ್ತಿದ್ದು ಎನ್ನುತ್ತಾರೆ ಎಂದು ನಮ್ಮ ಗೈಡ್ ಹುಡುಗಿ ಹೇಳಿದಳು. ನಾನು ಅದನ್ನು ಕನ್ನಡ ಮಾಡಿ ಹೇಳಿದ್ದೇ ತಡ, ಉಮ್ಮ ಮೊಣಕಾಲು ನೋವನ್ನು ಮರೆತು ಮೆಟ್ಟಿಲು ಹತ್ತಿ ಹತ್ತಿರ ಹೋದರು. "ಹೆಂಗಸೇ! ಬಾಯಿ ನೋಡು, ಈಗ ಎಂತದೋ ಹೇಳ್ತಾಳೆ ಅಂತ ಉಂಟು." ಅಲ್ಲೇ ಕೂತು ರೊಟ್ಟಿ ತಿಂದೆವು.

ಕೈಫೆಂಗ್ ತಲುಪಿದಾಗ ಸಂಜೆಯಾಗಿತ್ತು. ಮಗ್ರಿಬ್ ನಮಾಜಿಗೆ ಎಲ್ಲಾದರೂ ಜಾಗ ಸಿಗಬಹುದೇ ಎಂದು ಗೈಡ್ ಹತ್ತಿರ ಕೇಳಿದೆ. ಹತ್ತಿರದಲ್ಲೇ ಹೆಂಗಸರ ಮಸೀದಿ ಇದೆ ಎಂದಳು. ಹೆಂಗಸರ ಕೋಣೆ ಇರಬೇಕು ಅಂದುಕೊಂಡೆ. ಅಲ್ಲ, ಮಸೀದಿಯೇ ಹೆಂಗಸರದ್ದು. ನಮಾಜು ಮಾಡಿಸುವವರೂ ಹೆಂಗಸೇ, ಈ ಊರಲ್ಲಿ ಅದು ಹಿಂದಿನಿಂದ ಬಂದದ್ದು ಎಂದಳು.

"ತಮಾಷೆ ಮಾಡ್ಬೇಡಿ ನೀವಿಬ್ಬರು," ಎಂದರು ಉಮ್ಮ. ಆದರೆ ಕಾಲು ಆಗಲೇ ಗಲ್ಲಿಯ ಕಡೆ ಹೊರಟಿತ್ತು.

ಇಕ್ಕಟ್ಟಾದ ಗಲ್ಲಿ, ಸಣ್ಣ ಬಾಗಿಲು, ಹಂಚಿನ ಮಾಡಿನ ಒಂದು ಕೋಣೆ. ಬಿಳಿ ಟೋಪಿಯ ಅಜ್ಜಿಯರು ಏಳೆಂಟು ಜನ. ಅವರ ಗುರು ದುಂಡು ಮುಖದ ಒಬ್ಬ ಹೆಂಗಸು. ಅಹೊಂಗ್ ಎಂದು ಕರೆಯುತ್ತಿದ್ದರು. ನನ್ನನ್ನು ಬಾಗಿಲ ಬಳಿ ಸ್ಟೂಲಿನಲ್ಲಿ ಕೂರಿಸಿದರು, ಉಮ್ಮನನ್ನು ಕೈಹಿಡಿದು ಸಾಲಿಗೆ ಸೇರಿಸಿಕೊಂಡರು. ಅಹೊಂಗ್ ಮುಂದೆ ಹೋಗಿ ನಿಲ್ಲಲಿಲ್ಲ, ಸಾಲಿನ ನಡುವೆ ಎಲ್ಲರ ಹೆಗಲಿಗೆ ಹೆಗಲು ಕೊಟ್ಟು ನಿಂತರು. ತೆಳುವಾದ ದನಿಯಲ್ಲಿ ಕುರ್‌ಆನಿನ ಮೊದಲ ಅಧ್ಯಾಯ ಓದಿ ಮುಗಿಸಿದರು. ಯಾರೂ ತುಟಿ ಬಿಚ್ಚಲಿಲ್ಲ. ಆ ಮೌನದಲ್ಲಿ ಎದ್ದಿತು:

"ಆಮೀ...ನ್!"

ನನ್ನ ಅಡಿಗೆಮನೆಗೆ ಬರುತ್ತಿದ್ದದ್ದೇ. ಆ ಪುಟ್ಟ ಕೋಣೆಯಲ್ಲಿ ಅದಕ್ಕೆ ನಾಲ್ಕು ಪಟ್ಟು ಬಲ. ಅಲ್ಲಿಯವರ ಪದ್ಧತಿಯಲ್ಲಿ ಆಮೀನನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರಂತೆ. ನಮ್ಮ ಕರಾವಳಿಯ ಬ್ಯಾರಿಗಳ ಪದ್ಧತಿ ಬೇರೆ. ಇದು ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಬೆಚ್ಚಿಬಿದ್ದ ಅಜ್ಜಿಯರ ಬೆನ್ನು ಮತ್ತು ಇನ್ನಷ್ಟು ತಗ್ಗಿದ ಉಮ್ಮನ ತಲೆ.

ನಮಾಜು ಮುಗಿದದ್ದೇ ಉಮ್ಮ ನನ್ನ ಹತ್ತಿರ ಓಡಿಬಂದರು. "ಮಾನ ಹೋಯ್ತು ಮಗಳೇ. ಬಾ, ಬೇಗ ಹೋಗುವ." ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಅಹೊಂಗ್ ಹಿಂದೆಯೇ ಬಂದರು. ಉಮ್ಮನ ಗಂಟಲನ್ನು ಬೆರಳಿನಿಂದ ತೋರಿಸಿ ಏನೋ ಹೇಳಿ ನಕ್ಕರು. ಗೈಡ್ ತಿಳಿಸಿದಳು: "ಇಷ್ಟು ಒಳ್ಳೆಯ ದನಿಯನ್ನು ಒಂದೇ ಶಬ್ದಕ್ಕೆ ಯಾಕೆ ಇಟ್ಟಿದ್ದೀರಿ, ಓದಿ ಅಂತಾರೆ."

ಉಮ್ಮ ನನ್ನ ಮುಖ ನೋಡಿದರು. "ಇಲ್ಲಿಯಾ? ಒಳಗಾ?"

"ಪಳ್ಳಿಯ ಒಳಗೇ ಉಮ್ಮ. ನಾಲ್ಕಲ್ಲ, ಏಳೆಂಟು ಜನ ಇದ್ದಾರೆ ಕೇಳ್ಲಿಕ್ಕೆ."

ಉಮ್ಮ ಓದುವ ಪೀಠದ ಮುಂದೆ ಕೂತು ಅಭ್ಯಾಸಬಲದಿಂದ ತಲೆಬಟ್ಟೆಯ ಕಡ್ಡಿ ತೆಗೆದರು. ಅದನ್ನು ಕಂಡದ್ದೇ ಅಹೊಂಗ್ ಸಂತೋಷದಿಂದ ಕೂಗಿ, ತಮ್ಮ ಅಂಗಿಯ ತೋಳಿನೊಳಗಿಂದ ಒಂದು ಬಿದಿರು ಕಡ್ಡಿ ಹೊರತೆಗೆದರು. ಅದೂ ಗೇಣುದ್ದದ್ದು, ಅದರ ತುದಿಯೂ ನುಣುಪು. ಅವರೂ ಅಕ್ಷರ ಕಲಿಸುವವರೇ! ಇಬ್ಬರೂ ಒಬ್ಬರ ತೊಡೆಗೆ ಒಬ್ಬರು ಹೊಡೆದುಕೊಂಡು ನಕ್ಕರು.

ಉಮ್ಮ ಮೊದಲು ಹೊಸ್ತಿಲು ದಾಟದ ದನಿಯಲ್ಲೇ ಶುರುಮಾಡಿದರು. ಅಹೊಂಗ್ ಅಂಗೈ ಮೇಲೆತ್ತಿ ಮೇಲೆ, ಇನ್ನೂ ಮೇಲೆ ಎಂದು ಸನ್ನೆ ಮಾಡಿದರು. ಆಗ ಆ ಗಂಟಲು ಬಿಚ್ಚಿತು. ನನಗೆ ಒಂದು ಶಬ್ದದ ಅರ್ಥವೂ ಗೊತ್ತಿಲ್ಲ, ಆದರೂ ಸ್ಟೂಲಿನ ಅಂಚಿಗೆ ಸರಿದೆ. ಅಷ್ಟು ವರ್ಷ ಗೋಡೆಯ ಆಚೆ ಇದು ಇತ್ತೆ? ದನಿ ಮಾಡನ್ನು ಮುಟ್ಟಿತು, ಬಾಗಿಲಿನಿಂದ ಗಲ್ಲಿಗೆ ಹೋಯಿತು. ಹೊರಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಿಂತ. ಅಜ್ಜಿಯರು ಒಬ್ಬೊಬ್ಬರಾಗಿ, ತಮ್ಮದೇ ರಾಗದ ಉಚ್ಚಾರದಲ್ಲಿ, ಅವರ ಜೊತೆ ಸೇರಿಕೊಂಡರು. ಯಾರ ಜೊತೆ ಮಾತಾಡುತ್ತೀರಿ ಎಂದಿದ್ದ ಮಗ ಇದನ್ನು ಕೇಳಬೇಕಿತ್ತು! ನಾನು ಸ್ಟೂಲಿನಲ್ಲಿ ಕೂತು ಅತ್ತೆ. ಒರೆಸಿಕೊಳ್ಳಲೂ ಇಲ್ಲ.

ಹೊರಡುವಾಗ ಇಬ್ಬರೂ ಕಡ್ಡಿ ಬದಲಾಯಿಸಿಕೊಂಡರು. ಹೋಟೆಲಿನವರೆಗೆ ಉಮ್ಮ ಗಲ್ಲಿಯ ನಟ್ಟನಡುವೆ ನಡೆದರು. "ಕಾಲು ನೋವು ಉಂಟಾ?" ಎಂದು ಕೇಳಿದೆ. "ಯಾವ ಕಾಲು?" ಎಂದರು.

ಅಬುಧಾಬಿಗೆ ಬಂದ ಮೇಲೆ ಗೋಡೆಯ ಆಚೆಯಿಂದ ಓದು ಕೇಳತೊಡಗಿತು. ಸಂಜೆಯ ಚಹಾವನ್ನು ನಾನು ಆ ಗೋಡೆಗೆ ಬೆನ್ನು ಕೊಟ್ಟು ಕುಡಿಯುತ್ತಿದ್ದೆ. ಹೀಗೇ ಕೆಲವು ವರ್ಷ, ಆಮೇಲೆ ಒಂದು ಬೆಳಿಗ್ಗೆ ಉಮ್ಮ ಎದ್ದೇಳಲಿಲ್ಲ. ಇಲ್ಲಿಯ ಮಣ್ಣಿಗೇ ಕೊಟ್ಟರು.

ಆ ಸಂಜೆ ಅವರ ಮನೆಯ ಚಾವಡಿಯಲ್ಲಿ ಗಂಡಸರು, ಒಳಕೋಣೆಯಲ್ಲಿ ಹೆಂಗಸರು. ಮೊಮ್ಮಗಳು ಬಿದಿರು ಕಡ್ಡಿ ಹಿಡಿದು ಕೂತು ಗೊಣಗುವ ದನಿಯಲ್ಲಿ ಓದತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಗಟ್ಟಿ ಓದು ಮಗಳೇ. ಉಮ್ಮ ಚೀನಾದಲ್ಲಿ ಓದಿದ ಹಾಗೆ."

ಹುಡುಗಿ ತಲೆಯೆತ್ತಿದಳು. "ರಿಯಲಿ, ಆಂಟಿ? ಅಷ್ಟು ಲೌಡಾಗಿ?"

ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದ. ಬಾಗಿಲು ಹಾಕುತ್ತಾನೋ ಎಂದುಕೊಂಡೆ. ಅವನು ಕೈಯಿಂದ ಅದನ್ನು ಗೋಡೆಗೆ ತಾಗುವಷ್ಟು ಪೂರ್ತಿ ತೆರೆದ. "ಓದು," ಎಂದ.

ಅವಳು ಓದಿದಳು. ಚಾವಡಿಯಲ್ಲಿ ಮಾತು ನಿಂತಿತು. ಮೊದಲ ಅಧ್ಯಾಯ ಮುಗಿದಾಗ ಒಳಗಿನಿಂದಲೂ ಹೊರಗಿನಿಂದಲೂ ಆಮೀನ್ ಎದ್ದಿತು. ಅಷ್ಟೂ ಆಮೀನುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿದ್ದದ್ದು ನನ್ನದು.